ವಂತಿಗೆ ಕೊಡದೆ ಎಲೆ ಮುಂದೆ ಕೂತವರು

ಆ ಫೋನ್ ಮಾಡಿದ್ದು ನಾನು. ಇದನ್ನ ಮೊದಲೇ ಹೇಳಿಬಿಡ್ತೀನಿ. ಹೇಳಬೇಕಾದ ಹೊತ್ತಲ್ಲಿ ಮೂರು ವಾರ ಬಾಯಿ ಮುಚ್ಚಿಕೊಂಡಿದ್ದೆ. ಬಾಯಿ ಮುಚ್ಚೋದು ನನ್ನ ಜಾಯಮಾನವೇ ಅಲ್ಲ. ನಮ್ಮಮ್ಮನ್ನ ಕೇಳಿ ನೋಡಿ, ನಾನು ಹುಟ್ಟಿದಾಗ ಅತ್ತಿದ್ದೂ ಪಕ್ಕದ ತೊಟ್ಟಿಲ ಮಗುವಿನ ಥರವೇ ಅಂತೆ.

ನನಗೆ ಮಿಮಿಕ್ರಿ ಚಟ. ಬೆಂಗಳೂರಲ್ಲಿದ್ದಾಗ ಬಸ್ ಕಂಡಕ್ಟರು, ಪ್ರಿನ್ಸಿಪಾಲು, ಮೇಲ್ಮನೆ ಓನರಮ್ಮ. ಸಿಡ್ನಿಗೆ ಬಂದ ಮೇಲೆ ಟ್ರೈನ್ ಅನೌನ್ಸ್‌ಮೆಂಟಿನ ಹೆಂಗಸು, ವೀಸಾ ಏಜೆಂಟು, ಬಾಡಿಗೆ ಮನೆ ತೋರಿಸೋ ಟೈ ಕಟ್ಟಿದ ಹುಡುಗ. ಅಕೌಂಟಿಂಗಲ್ಲಿ ಮಾಸ್ಟರ್ಸ್ ಮಾಡೋಕೆ ಬಂದವನು, ಮಾಡಿ ಮುಗಿಸಿ, ಸಿಡ್ನಿಯ ಪಶ್ಚಿಮಕ್ಕಿರೋ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ವಾರ್ಡ್ಸ್‌ಮನ್ ಆದೆ. ಅಂದರೆ ಪೇಷಂಟನ್ನ ಮಂಚದ ಸಮೇತ ಎಕ್ಸ್‌ರೇಗೋ, ಆಪರೇಷನ್ನಿಗೋ, ಒಮ್ಮೊಮ್ಮೆ ನೆಲಮಾಳಿಗೆಯ ತಣ್ಣನೆ ರೂಮಿಗೋ ತಳ್ಳಿಕೊಂಡು ಹೋಗೋನು. ಮನೆಗೆ ಫೋನ್ ಮಾಡಿದಾಗ ‘ಹೆಲ್ತ್ ಸೆಕ್ಟರ್’ ಅಂತಿದ್ದೆ. ಅಪ್ಪ ಅದನ್ನ ನೆಂಟರಿಗೆ ‘ಹಾಸ್ಪಿಟಲ್ ಮ್ಯಾನೇಜ್‌ಮೆಂಟ್’ ಅಂತ ಮಾಡಿ ಹೇಳ್ತಿದ್ದರು. ಮಂಚಗಳನ್ನ ಮ್ಯಾನೇಜ್ ಮಾಡ್ತಿದ್ದೆ, ಪೂರ್ತಿ ಸುಳ್ಳೇನಲ್ಲ.

ಆ ಆಸ್ಪತ್ರೆಯಲ್ಲಿ ಕನ್ನಡ ಮಾತಾಡೋರು ಮೂರು ಜನ. ನಾನೊಬ್ಬ. ಸ್ಟೋರಿನಲ್ಲಿ ಸಾಮಾನು ಇಳಿಸಿ ಹಂಚೋ ಅಂಕಲ್ ಒಬ್ಬರು, ಉಡುಪಿ ಕಡೆಯ ತುಳು ಮನೆಮಾತಿನವರು. ಅಡುಗೆಮನೆಯಲ್ಲಿ ರೋಗಿಗಳ ಟ್ರೇ ಜೋಡಿಸೋ ಆಂಟಿ ಒಬ್ಬರು, ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು. ನಾನು ಗಿರಾವೀನ್ ಅನ್ನೋ ಬಡಾವಣೆಯಲ್ಲಿ ಆ ಅಂಕಲ್ ಮನೆಯ ಹಿತ್ತಲಿನ ಒಂದು ರೂಮಲ್ಲಿ ಬಾಡಿಗೆಗಿದ್ದೆ. ಗ್ಯಾರೇಜಿಗೆ ಒಂದು ಕಿಟಕಿ ಕೊರೆದು ರೂಮು ಅಂತ ಹೆಸರಿಟ್ಟಿದ್ದರು. ಬೆಳಗ್ಗೆ ಅವರ ಕಾರಿನಲ್ಲೇ ಕೆಲಸಕ್ಕೆ ಹೋಗ್ತಿದ್ದೆ. ನಾನು ಬೆಂಗಳೂರಿನವನಾದ್ದರಿಂದ ಇಬ್ಬರಿಗೂ ‘ಘಟ್ಟದವ’.

ಆಂಟಿ ನಮ್ಮ ಯೂನಿಯನ್ನಿನ ಡೆಲಿಗೇಟ್, ಅಂದರೆ ಆಸ್ಪತ್ರೆಯೊಳಗೆ ಅದರ ಪ್ರತಿನಿಧಿ. ‘ನಮ್ಮ’ ಅಂತ ಈಗ ಬರೀತಿದ್ದೀನಿ. ಆಗ ನಾನು ಮೆಂಬರ್ ಅಲ್ಲ. ಅಂಕಲ್ಲೂ ಅಲ್ಲ. ಅರ್ಧಕ್ಕರ್ಧ ಆಸ್ಪತ್ರೆ ಅಲ್ಲ.

ಎರಡು ಚಳಿಗಾಲ ಆ ಹೆಂಗಸು ಮ್ಯಾನೇಜ್‌ಮೆಂಟ್ ಜೊತೆ ಜಗ್ಗಾಡಿದ್ದನ್ನ ನಾನು ಕಣ್ಣಾರೆ ಕಂಡಿದ್ದೀನಿ. ಶಿಫ್ಟ್ ಮುಗಿಸಿ, ತಲೆಗೆ ಹಾಕೋ ಬಲೆ ತೆಗೆಯೋದನ್ನೂ ಮರೆತು, ಗೇಟಿನ ಹತ್ತಿರ ಬೋರ್ಡ್ ಹಿಡಿದು ನಿಂತಿರ್ತಿದ್ದರು. ಕೊನೆಗೆ ಒಪ್ಪಂದ ಆಯಿತು. ಸಂಬಳ, ರಜ ಒಂದಿಷ್ಟು ಏರಿತು, ಅದಿರಲಿ. ದೊಡ್ಡದು ಇನ್ನೊಂದು ಬಂತು: ಭಾರ ಎತ್ತೋವಾಗ ಇಬ್ಬರಿರಬೇಕು. ಪೇಷಂಟಾಗಲಿ ಪೆಟ್ಟಿಗೆಯಾಗಲಿ, ಇಷ್ಟಕ್ಕಿಂತ ಹೆಚ್ಚಿದ್ದರೆ ಒಬ್ಬನೇ ಎತ್ತೋ ಹಾಗಿಲ್ಲ, ಎತ್ತಿಸೋ ಹಾಗೂ ಇಲ್ಲ. ಅದಕ್ಕೂ ಮುಂಚೆ ನನ್ನ ಸೊಂಟ ಇಪ್ಪತ್ತೇಳನೇ ವಯಸ್ಸಿಗೇ ನಮ್ಮಜ್ಜನ ಸೊಂಟದ ಮಿಮಿಕ್ರಿ ಮಾಡ್ತಿತ್ತು. ಆ ರೂಲ್ ಬಂದ ತಿಂಗಳಲ್ಲೇ ಬಗ್ಗಿ ಶೂ ಲೇಸ್ ಕಟ್ಟಿದೆ.

ಥ್ಯಾಂಕ್ಸ್ ಹೇಳಿದೆನಾ? ಹೇಳಿದೆ. ಹೇಗೆ ಅಂದರೆ, ಟೀ ರೂಮಲ್ಲಿ ಎಲ್ಲರ ಮುಂದೆ ಆಂಟಿಯ ಸ್ವರ ತೆಗೆದು ಭಾಷಣ ಬಿಗಿದೆ. ಅವರದ್ದು ಸಿಕ್ಕಾಪಟ್ಟೆ ಚೆಂದದ ಸ್ವರ. ಒಡಕು ಗಂಟೆಯ ಹಾಗೆ, ಪ್ರತಿ ಸಾಲಿನ ಕೊನೆಗೆ ಸ್ವಲ್ಪ ಎಳೆದು ಬಿಡೋದು. ಆಂಟಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ನಕ್ಕರು.

“ಚೆಂದ ಮಾಡ್ತೀ ಪುತಾ. ನನ್ನ ಸ್ವರ ತೆಗೀಲಿಕ್ಕೆ ಫ್ರೀ. ಆದರೆ ಮೆಂಬರ್ ಯಾವಾಗ ಆಗುದು ನೀನು?”

“ಇಲ್ಲೇ ಉಳಿಯೋಕೆ ಪಿಆರ್ ಬರಲಿ ಆಂಟಿ, ನೋಡೋಣ.”

“ಮೊನ್ನೆ ಕಾಂಟ್ರಾಕ್ಟ್ ಖಾಯಂ ಆಗ್ಲಿ ಅಂದಿ. ಅದಕ್ಕೂ ಮುಂಚೆ ಚಳಿ ಹೋಗ್ಲಿ ಅಂದಿ.”

ಅಂಕಲ್‌ದು ನೇರ ಮಾತು. ಕಾರಲ್ಲಿ ಒಮ್ಮೆ ಕೇಳಿದ್ದೆ, ನೀವ್ಯಾಕೆ ಸೇರಿಲ್ಲ ಅಂತ. “ಎಂತಕ್ಕೆ ಮಾರಾಯ? ಸೇರಿದವರಿಗೆ ಬರುದು ಸೇರದವರಿಗೂ ಬರ್ತದೆ. ಮಳೆ ಬರುವಾಗ ಕೊಡೆ ಇದ್ದವನ ಪಕ್ಕ ನಡೆದರೆ ಸಾಕು.” ಕೊಡೆ ಹಿಡಿದವನ ಇನ್ನೊಂದು ಭುಜ ನೆನೀತಿರುತ್ತಲ್ಲ ಅಂತ ನನಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಹೇಳ್ತಿರಲಿಲ್ಲ, ಕಾರು ಅವರದು.

ಯೂನಿಯನ್ ಸುಮ್ಮನೆ ಕೂತಿರಲಿಲ್ಲ. ಒಪ್ಪಂದದ ಫಲ ಉಣ್ಣುವ ಮೆಂಬರಲ್ಲದವರೂ ಆ ಚೌಕಾಸಿಯ ಖರ್ಚಲ್ಲಿ ತಮ್ಮ ಪಾಲಿನ ಒಂದು ಫೀ ಕೊಡಲಿ, ಯೂನಿಯನ್ ಸೇರೋದು ಬೇಡ, ಪಾಲು ಮಾತ್ರ ಕೊಡಲಿ ಅಂತ ಟ್ರಿಬ್ಯೂನಲ್‌ಗೆ ಹೋಗಿತ್ತು. ಆಂಟಿ ರಜ ಹಾಕಿ ಸಿಟಿಗೆ ಹೋಗಿ ಸಾಕ್ಷಿ ಹೇಳಿ ಬಂದರು. ಆಸ್ಪತ್ರೆ ಕಡೆಯ ಲಾಯರು ಹೇಳಿದ್ದಂತೆ: ಸೇರೋದು ಹೇಗೆ ಹಕ್ಕೋ, ಸೇರದೆ ಇರೋದೂ ಹಾಗೇ ಹಕ್ಕು, ಫೀ ಅನ್ನೋದು ಹಿಂಬಾಗಿಲಿಂದ ಸೇರಿಸಿಕೊಳ್ಳೋ ದಾರಿ. ಈ ಮಾತಲ್ಲಿ ಹುರುಳೇ ಇಲ್ಲ ಅಂತ ನಾನು ಹೇಳಲ್ಲ. ಯಾವುದಕ್ಕೂ ಸೇರದೆ ಇರೋ ಹಕ್ಕು ನನಗೂ ಇಷ್ಟವೇ, ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗ್ರೂಪಿಂದ ಮೂರು ಸಲ ಹೊರಗೆ ಬಂದವನು ನಾನು. ಆದರೆ ಅಲ್ಲಿಂದ ಹೊರಗೆ ಬಂದವನು ಅಲ್ಲಿ ತರಿಸಿದ ನೀರಿನ ಟ್ಯಾಂಕರಿಗೆ ಬಿಂದಿಗೆ ಹಿಡಿದು ಹೋಗಲಿಲ್ಲ.

ಯೂನಿಯನ್ ಸೋತಿತು. ಮೆಂಬರಲ್ಲದವರಿಂದ ಒಪ್ಪಂದದ ಹೆಸರಲ್ಲಿ ಫೀ ಕೇಳೋ ಹಾಗಿಲ್ಲ. ಮಾರನೇ ದಿನವೇ ಟೀ ರೂಮಿನ ಗೋಡೆಗೆ ಮ್ಯಾನೇಜರ ನೋಟಿಸು ಬಂತು: ಯಾರಾದರೂ ನಿಮ್ಮನ್ನ ಫೀ ಕೇಳಿದರೆ, ಒತ್ತಡ ಹಾಕಿದರೆ, ಕೂಡಲೇ ತಿಳಿಸಿ. ಎರಡು ವರ್ಷದಿಂದ ಕೆಟ್ಟು ನಿಂತ ಟೀ ರೂಮ್ ಫ್ರಿಜ್ ಬಗ್ಗೆ ತಿಳಿಸಿದರೆ ಮಾತ್ರ ಯಾರೂ ಬರ್ತಿರಲಿಲ್ಲ. ಅಂಕಲ್ ಆ ನೋಟಿಸಿನ ಫೋಟೋ ತೆಗೆದು ಫೋನಲ್ಲಿ ಇಟ್ಟುಕೊಂಡರು.

ಇಷ್ಟು ಹಿನ್ನೆಲೆ. ಈಗ ಚೌತಿ.

ಸಿಡ್ನಿಯ ಕರಾವಳಿಯವರ ಸಂಘ ಪ್ರತಿ ವರ್ಷ ಗಿರಾವೀನ್‌ನ ಹಾಲ್‌ನಲ್ಲಿ ಗಣಪತಿ ಕೂರಿಸುತ್ತೆ. ಬಾಳೆ ಎಲೆ ಊಟ, ಮೂಡೆ, ಪತ್ರೊಡೆ, ಹೆಸರುಬೇಳೆ ಪಾಯಸ. ಸಂಘದ ಖಜಾಂಚಿ ನಮ್ಮ ಅಂಕಲ್. ಅವತ್ತು ಅವರನ್ನ ನೋಡಬೇಕಿತ್ತು. ಪಂಚೆ, ರೇಷ್ಮೆ ಶಲ್ಯ, ಬಾಗಿಲಲ್ಲೊಂದು ಮೇಜು, ಮೇಜಿನ ಮೇಲೆ ಲಿಸ್ಟು. ವಂತಿಗೆ ಕೊಡದೆ ಒಳಗೆ ನುಸುಳಿದವರಿದ್ದಾರೆ ಅಂತ ಗೊತ್ತಾದ ಕೂಡಲೇ ಎದ್ದು ಹೋಗಿ ಮೈಕ್ ಹಿಡಿದರು. ಸಂಘದ ಪದ್ಧತಿ ಅದು, ಅವರೇ ಹುಟ್ಟುಹಾಕಿದ್ದು.

“ಎಲೆ ಮುಂದೆ ಕೂತವರು ವಂತಿಗೆ ಕೊಟ್ಟಿರಬೇಕು. ಪುಕ್ಕಟೆ ಉಂಡು ಕೈ ತೊಳೆದು ಹೋಗುದು ಮರ್ಯಾದಸ್ಥರ ಲಕ್ಷಣ ಅಲ್ಲ. ಕೊಡದವರ ಹೆಸರು ಮೈಕಲ್ಲಿ ಓದ್ತೇವೆ. ಮತ್ತೆ ನಮ್ಮನ್ನು ದೂರಬೇಡಿ!”

ಓದಿಯೂ ಓದಿದರು. ಹೊಸದಾಗಿ ಬಂದ ಗಂಡ ಹೆಂಡತಿ, ಪದ್ಧತಿ ಗೊತ್ತಿಲ್ಲದವರು, ಕಲಸಿದ ಅನ್ನ ಬಿಟ್ಟು ಎದ್ದು ಬಂದು ಕಾರ್ಡ್ ಉಜ್ಜಿದರು. ನಾನು ಪಾಯಸಕ್ಕೆ ಹಾಕಿದ ಕೈ ಹಿಂದಕ್ಕೆ ತೆಗೆದೆ. ಕೊಡೆ ಇದ್ದವನ ಪಕ್ಕ ನಡೆದರೆ ಸಾಕು ಅಂದ ಬಾಯಿ ಇದೇ ಅಲ್ವಾ! ಸಿಟ್ಟು ಬಂತು. ನನಗೆ ಸಿಟ್ಟು ಬಂದರೆ ಜಗಳ ಆಡಲ್ಲ, ಸ್ವರ ತೆಗೀತೀನಿ. ಅದು ಧೈರ್ಯ ಅಂತ ತಿಳಿದಿದ್ದೆ.

ಸೋಮವಾರ ಹನ್ನೊಂದು ಗಂಟೆ ಟೀ ಬ್ರೇಕಲ್ಲಿ ಖಾಲಿ ಟ್ರಾಲಿ ಬಿಡೋಕೆ ಅಡುಗೆಮನೆಗೆ ಹೋದೆ. ಆಂಟಿ ಒಳಗೆ ಎಲ್ಲೋ ಇದ್ದರು. ಗೋಡೆಯಲ್ಲಿ ಫೋನು. ಎತ್ತಿದೆ, ಅಂಕಲ್‌ನ ಮೊಬೈಲಿಗೆ ಒತ್ತಿದೆ. ಅವರು ಎತ್ತಿದ್ದರೆ ಎರಡನೇ ಸಾಲಿಗೆ ನಗು ತಡೆಯೋಕಾಗದೆ ನಾನೇ ಸಿಕ್ಕಿಬೀಳ್ತಿದ್ದೆ. ಎತ್ತಲಿಲ್ಲ. ವಾಯ್ಸ್‌ಮೇಲ್. ಆ ಬೀಪ್ ಕೇಳಿದಾಗ ಇಡಬೇಕಿತ್ತು. ಬೀಪ್ ಅಂದರೆ ನನ್ನಂಥವನಿಗೆ ಪರದೆ ಎದ್ದ ಹಾಗೆ.

“ಹಲೋ, ಸ್ಟೋರಿನವರಾ? ನಾನು ಕಿಚನ್‌ನಿಂದ. ಒಪ್ಪಂದದ ಎಲೆ ಮುಂದೆ ಕೂತು ಚೆಂದ ಮಾಡಿ ಉಂಡಿರಲ್ಲ, ವಂತಿಗೆ ಎಲ್ಲಿ? ಪುಕ್ಕಟೆ ಉಂಡು ಕೈ ತೊಳೆದು ಹೋಗುದು ಮರ್ಯಾದಸ್ಥರ ಲಕ್ಷಣ ಅಲ್ಲ. ಶುಕ್ರವಾರದ ಒಳಗೆ ಕೊಡಿ. ಕೊಡದಿದ್ದರೆ ನಿಮ್ಮ ಹೆಸರು ಮೈಕಲ್ಲಿ ಓದ್ತೇನೆ. ಮತ್ತೆ ನನ್ನನ್ನು ದೂರಬೇಡಿ, ಹಾಂ!”

ಆ ‘ಹಾಂ’ ಇದೆಯಲ್ಲ, ಅದು ಆಂಟಿದೇ. ಅಷ್ಟು ಚೆನ್ನಾಗಿ ಇನ್ಯಾವತ್ತೂ ಬಂದಿಲ್ಲ.

ನನ್ನ ಲೆಕ್ಕಾಚಾರ ಇಷ್ಟೇ: ತಮ್ಮದೇ ಭಾಷಣ ತಮಗೇ ತಿರುಗಿ ಬಂದಿದ್ದು ಕೇಳಿದ ಕೂಡಲೇ ಅಂಕಲ್‌ಗೆ ಗೊತ್ತಾಗುತ್ತೆ, ‘ಕಳ್ಳ ನನ್ನ ಮಗನೇ’ ಅಂತ ಸಂಜೆ ಕಾರಲ್ಲಿ ಬೈತಾರೆ, ಇಬ್ಬರೂ ನಗ್ತೀವಿ. ಒಬ್ಬ ಮನುಷ್ಯ ತನ್ನ ಮಾತನ್ನ ತಾನೇ ಗುರುತು ಹಿಡಿಯಲ್ಲ ಅಂತ ನನಗೇನು ಗೊತ್ತು?

ಸಂಜೆ ಅವರು ಬೇಗ ಹೊರಟುಹೋಗಿದ್ದರು, ನಾನು ಬಸ್ಸಲ್ಲಿ ಬಂದೆ. ಮಾರನೇ ಬೆಳಗ್ಗೆ ಕಾರಲ್ಲಿ ಕೂತ ಕೂಡಲೇ ಅದನ್ನ ಸ್ಪೀಕರಲ್ಲಿ ಹಾಕಿದರು. ನಾನು ನಗೋಕೆ ಬಾಯಿ ತೆರೆದಿದ್ದೆ.

“ನಗ್ಬೇಡ ಮಾರಾಯ, ಇದು ಕೇಸು. ನೋಟಿಸ್ ಹಾಕಿದ್ದಾರಲ್ಲ, ಫೀ ಕೇಳ್ಲಿಕ್ಕಿಲ್ಲ ಅಂತ. ನಿನ್ನೆಯೇ ಮ್ಯಾನೇಜರಿಗೆ ಕಳಿಸಿ ಆಯ್ತು. ಅವರಿಗೆ ಭಾರಿ ಖುಷಿ. ಇವಳಿಗೆ ಕೊಂಬು ಬಂದಿತ್ತು, ಬಿದ್ದಳು ನೋಡು.”

“ಅಂಕಲ್, ಅದು ಆಂಟಿನೇ ಅಂತ ಹೇಗೆ...”

“ಸ್ವರ ಕೇಳುದಿಲ್ವಾ ನಿನಗೆ? ನಂಬರೂ ಕಿಚನ್‌ದು.” ಮುಂದಿನ ಸಿಗ್ನಲಲ್ಲಿ ನನ್ನ ಕಡೆ ತಿರುಗಿದರು. “ಮ್ಯಾನೇಜರ್ ಕೇಳಿದ್ರು, ಇದು ಅವಳ ಸ್ವರ ಅಂತ ಹೇಳುವ ಇನ್ನೊಬ್ಬರು ಬೇಕು, ಕನ್ನಡ ಗೊತ್ತಿದ್ದವರು ಅಂತ. ನಾನು ನಿನ್ನ ಹೆಸರು ಕೊಟ್ಟಿದ್ದೇನೆ. ನಿನ್ನ ಕಾಂಟ್ರಾಕ್ಟ್ ಖಾಯಂ ಮಾಡುವ ಫೈಲೂ ಅವರ ಮೇಜಿನಲ್ಲೇ ಉಂಟು. ಅರ್ಥ ಆಯ್ತಲ್ಲ?”

ಅರ್ಥ ಆಯಿತು. ಸಿಗ್ನಲ್ ಹಸಿರಾಯಿತು. ಹೇಳಲಿಲ್ಲ.

ಆಂಟಿಯನ್ನ ಅವತ್ತೇ ಕೆಲಸದಿಂದ ದೂರ ಇಟ್ಟರು. ವಿಚಾರಣೆ ಮುಗಿಯೋವರೆಗೆ ಆಸ್ಪತ್ರೆಗೆ ಕಾಲಿಡೋ ಹಾಗಿಲ್ಲ, ಸಹೋದ್ಯೋಗಿಗಳ ಜೊತೆ ಆ ವಿಷಯ ಮಾತಾಡೋ ಹಾಗಿಲ್ಲ. ಆರೋಪ ಸಾಬೀತಾದರೆ ಕೆಲಸ ಹೋಗುತ್ತೆ. ಹತ್ತೊಂಬತ್ತು ವರ್ಷದ ಕೆಲಸ. ಟೀ ರೂಮಲ್ಲಿ ಎಲ್ಲರೂ ಅವರವರ ಕಪ್ಪಿನೊಳಗೆ ನೋಡ್ತಾ ಕೂತಿದ್ದರು. ಆ ಹೆಂಗಸು ತಂದ ರಜ ಹಾಕಿಕೊಂಡು ಆ ವಾರ ಬೀಚಿಗೆ ಹೋದವನೊಬ್ಬ ನನ್ನ ಹತ್ತಿರ ಅಂದ, “ಅವಳು ಸ್ವಲ್ಪ ಓವರ್ ಆಗಿದ್ದಳು ಬಿಡು.” ಮುಖಕ್ಕೆ ಟೀ ಎರಚೋಣ ಅನ್ನಿಸಿತು. ಯಾವ ಮುಖ ಇಟ್ಟುಕೊಂಡು ಎರಚಲಿ?

ಎರಡನೇ ವಾರ ಒಂದು ಮಧ್ಯಾಹ್ನ ಸಿಡ್ನಿಯದೇ ಲಿವರ್‌ಪೂಲ್ ಬಡಾವಣೆಯಲ್ಲಿ ಅವರ ಮನೆಗೆ ಹೋದೆ. ಹೇಳೇಬಿಡ್ತೀನಿ ಅಂತ ಟ್ರೈನಲ್ಲಿ ಉರು ಹೊಡೆದುಕೊಂಡು ಹೋಗಿದ್ದೆ. ಆಂಟಿ ಚಹಾ, ಬಾಳೆಹಣ್ಣಿನ ಬನ್ಸ್ ತಂದಿಟ್ಟರು. ಇಂಥ ಹೊತ್ತಲ್ಲೂ ಬನ್ಸ್! ಬಾಳೆಹಣ್ಣು ಕಪ್ಪಾಗಿ ಹಾಳಾಗ್ತಿತ್ತಂತೆ, ಮನೆಯಲ್ಲಿ ಕೂತು ಮಾಡೋದಾದರೂ ಏನು.

ಸೋಫಾದ ತುದಿಯಲ್ಲಿ ಅವರ ಮಗಳು ಲ್ಯಾಪ್‌ಟಾಪ್ ಹಿಡಿದು ಕೂತಿದ್ದಳು. ಆಂಟಿ ಸ್ವರ ಇಳಿಸಿ ಹೇಳಿದರು, “ಎಚ್‌ಆರ್‌ನವರು ಆ ಮೆಸೇಜ್ ಕೇಳಿಸಿದ್ರು ಪುತಾ. ನನ್ನದೇ ಸ್ವರ. ನಾನು ಮಾಡ್ಲಿಲ್ಲ ಅಂತ ದೇವರಾಣೆ ಹೇಳ್ತೇನೆ, ಆದರೆ ಸ್ವರ ನನ್ನದೇ. ನನಗೆ ಮರೆವು ಶುರುವಾಯ್ತಾ ಅಂತ ಇವಳಿಗೆ ಹೆದರಿಕೆ. ನನ್ನ ಅಮ್ಮನಿಗೂ ಹೀಗೇ ಶುರುವಾದದ್ದು. ಗುರುವಾರ ಡಾಕ್ಟರ ಹತ್ತಿರ ಹೋಗ್ಲಿಕ್ಕುಂಟು, ತಲೆಯ ಪರೀಕ್ಷೆಗೆ.”

ಮಗಳು ತಲೆ ಎತ್ತದೆ ಇಂಗ್ಲಿಷಲ್ಲಿ ಅಂದಳು, ಅಮ್ಮ, ಅದು ಬರೀ ಚೆಕಪ್.

ನನ್ನ ಬಾಯಲ್ಲಿ ಬನ್ಸ್ ಇತ್ತು. ಅಗಿಯೋದನ್ನ ನಿಲ್ಲಿಸಲಿಲ್ಲ.

“ನೀನು ಎಲ್ಲರ ಸ್ವರ ತೆಗೆಯುವವ,” ಅಂದರು ಆಂಟಿ. “ಹೀಗೆ ಇನ್ನೊಬ್ಬರು ಯಾರಾದರೂ ಮಾಡ್ಲಿಕ್ಕೆ ಸಾಧ್ಯ ಉಂಟಾ?”

ಕಣ್ಣು ನನ್ನ ಮೇಲೇ ಇತ್ತು. ಗೊತ್ತಿತ್ತಾ ಅವರಿಗೆ? ಇವತ್ತಿಗೂ ಗೊತ್ತಿಲ್ಲ. ಬಾಗಿಲು ಮಾತ್ರ ತೆರೆದು ಹಿಡಿದಿದ್ದರು.

“ಕಷ್ಟ ಆಂಟಿ,” ಅಂದೆ.

ಟ್ರೈನಲ್ಲಿ ವಾಪಸ್ ಬರೋವಾಗ ಅನೌನ್ಸ್‌ಮೆಂಟಿನ ಹೆಂಗಸು ಮುಂದಿನ ಸ್ಟೇಷನ್ ಯಾವುದು ಅಂತ ಹೇಳ್ತಿದ್ದಳು. ಮೊದಲ ಸಲ ಅವಳ ಜೊತೆ ತುಟಿ ಆಡಿಸಲಿಲ್ಲ.

ಮೂರನೇ ವಾರ ಪ್ಯಾರಮಟ್ಟಾದ ಒಂದು ಆಫೀಸಲ್ಲಿ ವಿಚಾರಣೆ. ಉದ್ದ ಮೇಜಿನ ಆಚೆ ಎಚ್‌ಆರ್‌ನ ಹೆಂಗಸು, ಲಾಯರು, ನಮ್ಮ ಮ್ಯಾನೇಜರು. ಈಚೆ ಆಂಟಿ, ಪಕ್ಕದಲ್ಲಿ ಯೂನಿಯನ್ನಿನ ಒಬ್ಬ ಆಫೀಸರ್. ಒಂದು ಬದಿಗೆ ದೂರು ಕೊಟ್ಟ ಅಂಕಲ್, ಇಸ್ತ್ರಿ ಶರ್ಟು. ಅವರ ಪಕ್ಕ ಅವರ ಸಾಕ್ಷಿ, ನಾನು. ಇಂಟರ್‌ವ್ಯೂಗೆ ಅಂತ ಬೆಂಗಳೂರಿಂದ ತಂದಿದ್ದ ಕೋಟನ್ನ ಮೊದಲ ಸಲ ಹಾಕಿದ್ದೆ. ಯಾವ ಅಕೌಂಟಿಂಗ್ ಫರ್ಮೂ ನೋಡದ ಕೋಟು.

ಮೆಸೇಜಿನ ಅಧಿಕೃತ ಅನುವಾದವನ್ನ ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಇಂಗ್ಲಿಷಲ್ಲಿ ಅದನ್ನ ಓದಿದರೆ ನನಗೇ ಮೈ ಜುಮ್ಮೆಂದಿತು. ಇಂತಿಷ್ಟರೊಳಗೆ ಹಣ ಕೊಡದಿದ್ದರೆ ನಿಮ್ಮ ಹೆಸರನ್ನ ಬಹಿರಂಗಗೊಳಿಸ್ತೀನಿ, ನಂತರ ನಾನು ಜವಾಬ್ದಾರಳಲ್ಲ. ಎಲೆಯೂ ಇಲ್ಲ, ಪಾಯಸವೂ ಇಲ್ಲ, ಮೈಕಿನ ಗೊರಗುಟ್ಟೋ ಸದ್ದೂ ಇಲ್ಲ. ಹಾಳೆ ಮೇಲೆ ಇದ್ದದ್ದು ರೌಡಿಯ ಮಾತು. ಲಾಯರು ಪೆನ್ನಿನಿಂದ ಎರಡು ಕಡೆ ಗೆರೆ ಎಳೆದ.

ನನ್ನ ಸರದಿ ಬಂತು. ಇದು ಈ ಮಹಿಳೆಯ ಸ್ವರ ಅಂತ ನಿಮಗೆ ಖಚಿತವಾ ಅಂತ ಎಚ್‌ಆರ್ ಹೆಂಗಸು ಕೇಳಿದಳು. ಮ್ಯಾನೇಜರು ನನ್ನ ಕಡೆ ನೋಡಿ ತಲೆ ಆಡಿಸಿದರು, ಮಗುವಿಗೆ ಪದ್ಯ ಹೇಳು ಅನ್ನೋ ಹಾಗೆ. ಆಂಟಿ ತಮ್ಮ ಬೆರಳುಗಳನ್ನ ನೋಡಿಕೊಳ್ತಿದ್ದರು. ಆಸ್ಪತ್ರೆಯ ನೀರು, ಸೋಪು ಮುಟ್ಟದೆ ಮೂರು ವಾರದಲ್ಲಿ ಆ ಬೆರಳಿನ ಬಿರುಕೆಲ್ಲ ಕೂಡಿಕೊಂಡು ನುಣ್ಣಗಾಗಿದ್ದವು. ಅದನ್ನ ನೋಡಿದೆ. ಅಷ್ಟೇ. ಧೈರ್ಯ ಗೀರ್ಯ ಏನಿಲ್ಲ, ಆ ನುಣುಪು ನೋಡೋಕಾಗಲಿಲ್ಲ.

ಬಾಯಿ ತೆಗೆದೆ. “ಹಲೋ, ಸ್ಟೋರಿನವರಾ? ನಾನು ಕಿಚನ್‌ನಿಂದ...”

ಪೂರ್ತಿ ಹೇಳಿದೆ, ಕೊನೆಯ ‘ಹಾಂ’ವರೆಗೆ. ನನ್ನ ಜೀವಮಾನದ ಅತ್ಯುತ್ತಮ ಪ್ರದರ್ಶನ, ಯಾರೂ ನಗಲಿಲ್ಲ. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಇಲ್ಲದ ಶಲ್ಯ ಹೆಗಲ ಮೇಲೆ ಸರಿ ಮಾಡಿಕೊಂಡು, ಇಲ್ಲದ ಮೈಕ್ ತಟ್ಟಿ, ಅಂಕಲ್‌ನ ಸ್ವರದಲ್ಲಿ ಶುರು ಮಾಡಿದೆ. “ಎಲೆ ಮುಂದೆ ಕೂತವರು ವಂತಿಗೆ ಕೊಟ್ಟಿರಬೇಕು. ಪುಕ್ಕಟೆ ಉಂಡು ಕೈ ತೊಳೆದು ಹೋಗುದು...” ಅಂಕಲ್‌ನ ಮುಖ ಮೊದಲು ಕೆಂಪಗಾಯಿತು, ಆಮೇಲೆ ಬೂದಿ ಬಣ್ಣ. ಆಗ ಗುರುತು ಸಿಕ್ಕಿತು ಅವರಿಗೆ, ತಮ್ಮ ಮಾತಿನದು.

ಇಂಗ್ಲಿಷಲ್ಲಿ ನನ್ನ ಸ್ವಂತ ಗಂಟಲಲ್ಲಿ ಹೇಳಿದೆ: ಫೋನ್ ಮಾಡಿದ್ದು ನಾನು. ಮಾತು ಇವರದು, ಸ್ವರ ಆ ಆಂಟಿದು. ಆ ಆಂಟಿಗೆ ಇದರಲ್ಲಿ ಏನೇನೂ ಗೊತ್ತಿಲ್ಲ. ನೀವು ಬೆದರಿಕೆ ಅಂತ ಗೆರೆ ಎಳೆದ ಎರಡೂ ಸಾಲನ್ನ ಇವರು ಇನ್ನೂರು ಜನರ ಮುಂದೆ ಮೈಕಲ್ಲಿ ಹೇಳ್ತಾರೆ, ಅದಕ್ಕೆ ಸಂಘದಲ್ಲಿ ಚಪ್ಪಾಳೆ ಬೀಳುತ್ತೆ.

ಲಾಯರು ಪೆನ್ನಿನ ಮುಚ್ಚಳ ಹಾಕಿದ.

ಇಲ್ಲಿಗೆ ಸತ್ಯ ಗೆದ್ದಿತು ಅಂತ ಬರೆಯಬಹುದಿತ್ತು. ಗೆದ್ದಿದ್ದು ಎಷ್ಟು ಅಂತ ಕೇಳಿ. ಆಂಟಿಯ ಮೇಲಿನ ಫೋನಿನ ಆರೋಪ ಕೈಬಿಟ್ಟರು, ಕೆಲಸ ಉಳಿಯಿತು. ಆದರೆ ಮೂರು ವಾರ ಅವರ ಫೈಲು ಜಾಲಾಡಿದವರು ಬರಿಗೈಲಿ ಹೋಗೋಕಾಗುತ್ತಾ? ಟೀ ರೂಮಿನ ಗೋಡೆಗೆ ಅನುಮತಿ ಇಲ್ಲದೆ ಯೂನಿಯನ್ ಕಾಗದ ಅಂಟಿಸಿದ್ದರು ಅಂತ ಒಂದು ಲಿಖಿತ ಎಚ್ಚರಿಕೆ ಕೊಟ್ಟರು. ಕ್ಷಮೆ? ಅದರ ಸುದ್ದಿಯೇ ಇಲ್ಲ. ಮ್ಯಾನೇಜರು ಮ್ಯಾನೇಜರಾಗೇ ಉಳಿದರು. ಬೋರ್ಡ್ ಹಿಡಿದು ನಿಂತ ಹೆಂಗಸನ್ನ ಹೊಸಕೋಕೆ ಒಂದು ಕಾನೂನು, ಒಂದು ನೋಟಿಸು, ಒಬ್ಬ ಲಾಯರು, ಅನುವಾದದ ಹಾಳೆ ಎಲ್ಲ ಒಂದೇ ದಿನದಲ್ಲಿ ತಯಾರಾದವು. ಅವರು ತಂದಿದ್ದನ್ನ ಉಂಡವರಿಂದ ಒಂದು ಮಾತು ಹೊರಡಿಸೋಕೆ ಯಾವ ಕಾನೂನೂ ಇಲ್ಲ. ಇದನ್ನ ಬರೆಯೋವಾಗಲೂ ಹಲ್ಲು ಕಚ್ಚಿಕೊಂಡಿದ್ದೀನಿ. ನನ್ನ ಹಲ್ಲೂ ಆ ಉಂಡ ಹಲ್ಲೇ, ಅದು ಬೇರೆ.

ಕಾರಿಡಾರಲ್ಲಿ ಆಂಟಿ ನನ್ನ ಎದುರು ನಿಂತರು. ತಬ್ಬಿಕೊಳ್ತಾರೆ ಅಂದುಕೊಂಡಿದ್ದೆ, ನನ್ನ ತಲೆಯೊಳಗೆ ಯಾವಾಗಲೂ ಒಂದು ಸಿನಿಮಾ ಓಡ್ತಿರುತ್ತಲ್ಲ.

“ಮೂರು ವಾರ,” ಅಂದರು. “ನನ್ನ ಮನೆಯಲ್ಲಿ ಕೂತು ಬನ್ಸ್ ತಿಂದಿ. ತಲೆಯ ಪರೀಕ್ಷೆಗೆ ಹೋಗ್ತೇನೆ ಅಂತ ಹೇಳಿದಾಗ ತಿನ್ನುತ್ತಾ ಇದ್ದಿ.”

“ಸಾರಿ ಆಂಟಿ...”

“ಡಾಕ್ಟರು ನನಗೆ ಗಡಿಯಾರ ಬರೀಲಿಕ್ಕೆ ಹೇಳಿದ್ರು ಮಾರಾಯ. ಶಾಲೆಯ ಮಕ್ಕಳ ಹಾಗೆ. ಹೆದರಿಕೆಗೆ ಮುಳ್ಳು ತಪ್ಪಿತು. ಮಗಳು ಅಲ್ಲೇ ಅತ್ತಳು. ಅದು ನಿನ್ನ ತಮಾಷೆ.” ಬ್ಯಾಗ್ ಹೆಗಲಿಗೇರಿಸಿಕೊಂಡು ಲಿಫ್ಟಿನ ಕಡೆ ಹೋದರು. ನಾನು ಮೆಟ್ಟಿಲಲ್ಲಿ ಇಳಿದೆ.

ನನ್ನ ಕಾಂಟ್ರಾಕ್ಟ್ ಅಲ್ಲಿಗೆ ಮುಗಿಯಿತು. ಅಂಕಲ್ ಒಂದು ವಾರದಲ್ಲಿ ರೂಮ್ ಖಾಲಿ ಮಾಡಿ ಅಂದರು. ಮೊದಲ ಸಲ ನನಗೆ ಬಹುವಚನ ಕೊಟ್ಟಿದ್ದು.

ಈಗ ಮೆಲ್ಬರ್ನಲ್ಲಿದ್ದೀನಿ. ಬೇರೆ ಆಸ್ಪತ್ರೆ, ಅದೇ ಮಂಚ. ಮೊದಲ ದಿನವೇ, ಲಾಕರ್ ಕೀ ಕೊಡೋಕೂ ಮುಂಚೆ, ಯೂನಿಯನ್ ಫಾರ್ಮ್ ಎಲ್ಲಿ ಅಂತ ಕೇಳಿದೆ. ಡೆಲಿಗೇಟ್ ನನ್ನನ್ನ ಗೂಢಚಾರ ಅಂದುಕೊಂಡ. ಅಷ್ಟು ಆತುರದಲ್ಲಿ ಯಾರೂ ಕೇಳಿರಲಿಲ್ಲವಂತೆ. ಇಲ್ಲಿನ ಟೀ ರೂಮಲ್ಲೂ ನಮ್ಮ ಬೆಂಗಳೂರಿನವನೊಬ್ಬ ಇದ್ದಾನೆ. “ಯಾಕ್ ಗುರು ದುಡ್ಡು ದಂಡ? ಬರೋದು ಹೆಂಗೂ ಬರುತ್ತೆ,” ಅಂತಾನೆ. ಅವನ ಸ್ವರ ತೆಗೆಯೋದು ಬಲು ಸುಲಭ, ಅದು ನನ್ನದೇ ಹಳೆಯ ಸ್ವರ. ತೆಗೆಯಲಿಲ್ಲ. ವಾರಕ್ಕೊಮ್ಮೆ ಫಾರ್ಮ್ ತಗೊಂಡು ಹೋಗಿ ಅವನ ಟಿಫಿನ್ ಡಬ್ಬಿ ಪಕ್ಕ ಇಡ್ತೀನಿ. ವಾರಕ್ಕೊಮ್ಮೆ ಅವನು ಅದರ ಮೇಲೆ ಡಬ್ಬಿಯ ಮುಚ್ಚಳ ಇಟ್ಟು ಊಟ ಮಾಡ್ತಾನೆ.

ಆಂಟಿಗೆ ತಿಂಗಳಿಗೊಮ್ಮೆ ಫೋನ್ ಮಾಡ್ತಿದ್ದೆ. ಎತ್ತುತ್ತಿರಲಿಲ್ಲ. ವಾಯ್ಸ್‌ಮೇಲಿಗೆ ಹೋಗ್ತಿತ್ತು, ಬೀಪ್ ಆಗ್ತಿತ್ತು, ಇಟ್ಟುಬಿಡ್ತಿದ್ದೆ. ಮೊನ್ನೆ ಚೌತಿ ಮುಗಿದ ವಾರ, ಒಂದು ಭಾನುವಾರ ಮಧ್ಯಾಹ್ನ, ಅವರೇ ಮಾಡಿದರು.

“ಬದುಕಿದ್ದೀಯಾ?”

“ಇದ್ದೀನಿ ಆಂಟಿ.”

“ಯಾರ ಸ್ವರ ಇದು?”

“ನಂದೇ.”

“ಹ್ಞೂಂ. ಚೆಂದ ಇಲ್ಲ.” ಆಮೇಲೆ ಸುದ್ದಿ ಹೇಳಿದರು. ಸ್ಟೋರಿನ ಅಂಕಲ್‌ನ ಜೊತೆಗಾರನನ್ನ ಬೇರೆ ಬ್ಲಾಕಿಗೆ ಕಳಿಸಿದ್ದಾರೆ. ಸಲೈನ್ ಪೆಟ್ಟಿಗೆಗಳನ್ನ ಒಬ್ಬನೇ ಇಳಿಸು ಅಂತ ಮ್ಯಾನೇಜರೇ ಹೇಳಿದ್ದು, ಬಾಯಿಮಾತಲ್ಲಿ. ಇಳಿಸಿದ್ದಾರೆ. ಭುಜದ ಸ್ನಾಯು ಹರಿದಿದೆ. ರೂಲ್ ಇದ್ದರೂ ತಾನಾಗೇ ಎತ್ತಿದ, ತಪ್ಪು ಅವನದ್ದೇ ಅಂತ ಕಾಗದ ತಯಾರು ಮಾಡಿ ಸಹಿ ಹಾಕು ಅಂದಿದ್ದಾರೆ. ಅಂಕಲ್ ಎಡಗೈ ಜೋಲಿಯಲ್ಲಿ ಕಟ್ಟಿಕೊಂಡು ಅಡುಗೆಮನೆ ಬಾಗಿಲಿಗೆ ಬಂದು ನಿಂತರಂತೆ.

“ಮೆಂಬರ್ ಅಲ್ಲದವರಿಗೆ ಯೂನಿಯನ್ ಕೇಸ್ ನಡೆಸ್ಬೇಕು ಅಂತ ಏನೂ ಇಲ್ಲ ತಾನೇ ಆಂಟಿ? ಹೋಗಯ್ಯ ಅನ್ನಬೇಕಿತ್ತು!”

“ಅನ್ಲಿಕ್ಕೆ ನನಗೂ ಬಾಯಿ ಬಂತು. ಅವನಿಗೆ ಮಾಡಿದ್ದು ನಾಳೆ ಇನ್ನೊಬ್ಬರಿಗೆ ಮಾಡ್ತಾರೆ ಪುತಾ. ಆ ರೂಲ್ ತರ್ಲಿಕ್ಕೆ ನಾನು ಎಷ್ಟು ಚಳಿ ತಿಂದಿದ್ದೇನೆ. ಅದು ಹೋಗ್ಲಿಕ್ಕೆ ಬಿಡುವುದಾ? ಹೋದೆ. ಎರಡು ಸಲ ಮೀಟಿಂಗಿಗೆ ಕೂತೆ. ಆ ಕಾಗದ ಹರಿಸಿದೆ. ಅವನಿಗೆ ರಜ ಸಿಕ್ತು, ಸಂಬಳ ಸಮೇತ.”

“ಈಗಲಾದರೂ ಸೇರಿದರಾ?”

“ಫಾರ್ಮ್ ತಕ್ಕೊಂಡು ಹೋಗಿದ್ದಾನೆ. ಭುಜ ಸರಿ ಆಗ್ಲಿ, ಬರೀಲಿಕ್ಕೆ ಆಗುದಿಲ್ಲ ಅಂತ.”

“ಪೆಟ್ಟಾಗಿದ್ದು ಎಡಭುಜಕ್ಕೆ ಅಂದ್ರಲ್ಲ!”

“ಹೌದು. ನಾನೂ ನೋಡಿದ್ದೇನೆ.” ನಗೋ ಹಾಗೆ ಕೇಳಿಸಿತು, ನಗು ಹೌದೋ ಅಲ್ಲವೋ. “ಉಪಕಾರ ಮಾಡಿದ್ರಿ, ಚೌತಿ ಊಟಕ್ಕೆ ಬರಲೇಬೇಕು ಅಂತ ಹೇಳಿದ್ದ. ಹೋಗಿದ್ದೆ, ಮಗಳನ್ನೂ ಕರ್ಕೊಂಡು. ಬಾಗಿಲಲ್ಲಿ ಒಂದು ಕೈಯಲ್ಲಿ ಲಿಸ್ಟ್ ಹಿಡ್ಕೊಂಡು ಕೂತಿದ್ದಾನೆ. ‘ಇಬ್ಬರದ್ದು ವಂತಿಗೆ’ ಅಂದ.”

ನಾನು ನಿಂತಲ್ಲೇ ಕಿರುಚಿದೆ. ಏನು ಕಿರುಚಿದೆ ಅಂತ ಇಲ್ಲಿ ಬರೆಯೋ ಹಾಗಿಲ್ಲ. ರಸ್ತೆ ಆಚೆಯ ಟ್ರಾಮ್ ಸ್ಟಾಪಲ್ಲಿ ನಿಂತವರು ತಿರುಗಿ ನೋಡಿದರು.

“ಕೊಟ್ಟಿರಾ ಆಂಟಿ? ಕೊಟ್ಟಿರಾ?”

“ಎಲೆ ಹಾಕಿ ಆಗಿತ್ತು,” ಅಂದರು ಆಂಟಿ. “ಕೊಡದೆ ಕೂರ್ಲಿಕ್ಕೆ ಆಗ್ತದಾ?”